ಕಪ್ಪಾಗದ ಪುಡಿ

ನೋಡಿದ್ದು ನಿಜವೋ, ನೋಡಿದ ಹಾಗೆ ಅನ್ನಿಸುತ್ತಿದೆಯೋ?

ಸೋಮನಾಥ ಅಂಗೈ ಮೇಲಿನ ಗಂಟನ್ನು ಮತ್ತೊಮ್ಮೆ ತಿರುಗಿಸಿದ. ಹೆಬ್ಬೆರಳ ಉಗುರಿನಷ್ಟು ಬಟ್ಟೆಗಂಟು. ತೆಳು ಬಿಳಿ ಬಟ್ಟೆ, ಬಾಯಿಗೆ ಕೆಂಪು ನೂಲಿನ ಹೊಲಿಗೆ. ಒತ್ತಿದರೆ ಒಳಗೆ ಕರಕರ ಅನ್ನುತ್ತದೆ. ಎಲ್ಲಿ ನೋಡಿದ್ದು? ಯಾರ ಕೈಯಲ್ಲಿ? ಮನಸ್ಸು ಒಂದು ಬಾಗಿಲಿನವರೆಗೆ ಹೋಗುತ್ತಿತ್ತು. ಅಲ್ಲಿ ನಿಂತು, ಒಳಗೆ ಇಣುಕದೆ ವಾಪಸು ಬರುತ್ತಿತ್ತು.

ಮೂವತ್ತೊಂದು ವರ್ಷ ಪೊಲೀಸ್ ಪ್ರಯೋಗಾಲಯದಲ್ಲಿ ಬೇರೆಯವರ ಕೂದಲು, ಬೇರೆಯವರ ಗುಂಡಿ, ಬೇರೆಯವರ ರಕ್ತ ನೋಡಿ ನಿವೃತ್ತನಾದವನು ಅವನು. ಮೇಜಿನ ಮೇಲೆ ಬಂದ ಯಾವ ವಸ್ತುವೂ ಅವನಿಗೆ ಪರಿಚಯದ್ದಾಗಿರಲಿಲ್ಲ. ಆ ಕೆಲಸದಲ್ಲಿ ಇದ್ದ ನೆಮ್ಮದಿಯೇ ಅದು.

ಈ ಗಂಟು ಪರಿಚಯದ್ದು.

"ಸಾರ್, ನಾಲ್ಕು ಗಂಟೆ," ಎಂದ ಇನ್ಸ್‌ಪೆಕ್ಟರ್ ಜಯಪ್ರಕಾಶ್. ಗಿರಣಿಯ ಕಟ್ಟೆಯ ಮೇಲೆ ಕುಳಿತು ಲೋಟದ ತಳದ ಚಹಾ ಅಲ್ಲಾಡಿಸುತ್ತಿದ್ದ. "ನಾಲ್ಕು ಗಂಟೆಗೆ ನಿಮ್ಮ ಅಭಿಪ್ರಾಯ ಬರವಣಿಗೇಲಿ ಬೇಕು. ಡಬ್ಬಿ ಅಡಗಿಸಿಟ್ಟಿದ್ದು ಮಲ್ಲಿಕಾನೇ ಅಂತ ಬರೆದ್ರೆ ಸಂಜೆ ಅವಳನ್ನ ಒಳಗೆ ಹಾಕ್ತೇನೆ. ಅಲ್ಲ ಅಂತ ಬರೆದ್ರೆ ಇಟ್ಟವರು ಯಾರು ಅಂತ ಹುಡುಕ್ತೇನೆ. ಇರಬಹುದು, ಇಲ್ಲದಿರಬಹುದು ಅಂತ ಮಾತ್ರ ಬರೀಬೇಡಿ ಮಾರಾಯ್ರೆ. ಅದನ್ನ ನಾನೇ ಬರೀತೇನೆ."

ನರಸಿಂಹರಾಜಪುರದ ಹೊರಗೆ, ನಿಂತುಹೋದ ಈ ಅಕ್ಕಿ ಗಿರಣಿಯಲ್ಲೇ, ಅದನ್ನು ಪ್ರಯೋಗಾಲಯ ಮಾಡಿಕೊಂಡಿದ್ದ ವಿಜ್ಞಾನಿ ರಾಜಶೇಖರ್ ಹದಿನಾಲ್ಕು ದಿನದ ಹಿಂದೆ ವಿಷದ ಹಬೆ ಕುಡಿದಿದ್ದರು. ಅದು ಅವರಿಗೇ ಗೊತ್ತಾಗಿರಲಿಲ್ಲ. ಗಂಟಲು ಉರಿಯುತ್ತದೆ ಎಂದು ಮನೆಗೆ ಹೋಗಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಂದು ಗಿರಣಿಯಿಂದ ಕಾಣೆಯಾದ ಪ್ಲಾಸ್ಟಿಕ್ ಡಬ್ಬಿ, ಯಾರೋ ಹೆಸರಿಲ್ಲದೆ ಬರೆದ ಕಾಗದ ಹಿಡಿದು ಹೋದ ಪೊಲೀಸರಿಗೆ, ಮೂರು ದಿನದ ಹಿಂದೆ ಅವರ ಶಿಷ್ಯೆ ಮಲ್ಲಿಕಾಳ ಬಾಡಿಗೆ ಕೋಣೆಯಲ್ಲಿ ಪುಸ್ತಕಗಳ ಹಿಂದೆ ಸಿಕ್ಕಿತ್ತು.

ಡಬ್ಬಿಯ ಮೇಲೆ ರಾಜಶೇಖರ್ ಅವರ ಕೈಬರಹ: ನಲವತ್ತೇಳು.

ಮೇಜಿನ ಮೇಲೆ, ಡಬ್ಬಿಯ ಪಕ್ಕ, ಅವರ ಕನ್ನಡಕವಿತ್ತು. ಹೆಂಡತಿ ಅದನ್ನು ಮೂರು ದಿನ ಸೆರಗಿನಲ್ಲಿ ಒರೆಸಿದ್ದರಂತೆ. ಮಸುಕು ಹೋಗಲಿಲ್ಲ. ಮಂಜೋ ಧೂಳೋ ಆಗಿದ್ದರೆ ಹೋಗುತ್ತಿತ್ತು. ಗಾಜೇ ಸವೆದಿತ್ತು. ಗಾಜನ್ನು ತಿನ್ನುವ ಆಮ್ಲ ಒಂದೇ, ಅದು ಈ ಕೋಣೆಯಲ್ಲಿತ್ತು. ಕನ್ನಡಕವನ್ನು ಹೀಗೆ ಮಾಡಿದ ಹಬೆ, ಅದರ ಹಿಂದಿದ್ದ ಮನುಷ್ಯನ ಎದೆಯೊಳಗೂ ಹೋಗಿತ್ತು.

ಸೋಮನಾಥ ಬಹಳ ಹೊತ್ತು ಆ ಕನ್ನಡಕವನ್ನೇ ನೋಡಿದ. ಸಾಯುವ ಹಿಂದಿನ ಮಧ್ಯಾಹ್ನ ಅವರಿಗೆ ಲೋಕ ಹೀಗೆ ಕಂಡಿರಬೇಕು. ಕಣ್ಣೇ ಮಂಜಾಯಿತು ಎಂದುಕೊಂಡಿರಬೇಕು.

"ಮಂತ್ರ ಹಾಕ್ತಿದ್ದೀರಾ ಸೋಮಣ್ಣ?" ಒಳಗೆ ಬಂದವರು ಗಿರಣಿಯ ಮಾಲೀಕರಾದ ಮಲ್ಲೇಶಪ್ಪ. ಹಣೆಯ ವಿಭೂತಿ ಬೆವರಿಗೆ ಕಲಸಿತ್ತು. ಮಳೆ ಎರಡು ದಿನ ಬಿಡುವು ಕೊಟ್ಟಿದ್ದರಿಂದ ತಗಡಿನ ಮಾಡು ಕಾದು ಟಕಟಕ ಅನ್ನುತ್ತಿತ್ತು. "ಒಂದು ಬಲ್ಬಿಗೆ ಇಷ್ಟೆಲ್ಲ ಆಗ್ತದೆ ಅಂತ ಗೊತ್ತಿದ್ರೆ ನಾನು ಜಾಗಾನೇ ಕೊಡ್ತಿರ್ಲಿಲ್ಲ. ಭತ್ತದ ಹೊಟ್ಟಿನ ಬೂದಿಯಿಂದ ಬೆಳಕು ಮಾಡ್ತೇನೆ ಅಂದ್ರು ಪುಣ್ಯಾತ್ಮ. ರಾಶಿ ಬೂದಿ ಬಿದ್ದಿತ್ತು, ತಗೊಳ್ಳಿ ಅಂದೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎಲ್‌ಇಡಿ ಹುಟ್ಟುವುದು ನೀಲಿಯಾಗಿ. ಅದರ ಮೇಲೆ ಹಳದಿ ಹೊಳೆಯುವ ಪುಡಿ ಬಳಿದರೆ ಬಿಳಿ ಬೆಳಕಾಗುತ್ತದೆ. ಆದರೆ ಅದು ಆಸ್ಪತ್ರೆಯ ಬಿಳಿ, ಅದರಲ್ಲಿ ಕೆಂಪಿಲ್ಲ. ಕೆಂಪು ಸೇರಿಸಲು ಹೋದರೆ ವಿದ್ಯುತ್ತು ಪೋಲಾಗುತ್ತದೆ. ಪೋಲಾಗದ ಕೆಂಪೊಂದನ್ನು ರಾಜಶೇಖರ್ ಆರು ವರ್ಷ ಹುಡುಕಿದರು. ನಲವತ್ತೇಳನೆಯ ಪ್ರಯತ್ನದಲ್ಲಿ ಸಿಕ್ಕಿತು. ಹೊಟ್ಟಿನ ಬೂದಿಯಲ್ಲಿರುವ ಮರಳಿನ ಸತ್ವವನ್ನು ಆ ಭಯಂಕರ ಆಮ್ಲದಲ್ಲಿ ಕರಗಿಸಿ, ಅದರಿಂದ ನಸುಹಳದಿ ಪುಡಿ ಇಳಿಸುತ್ತಿದ್ದರು. ನೀಲಿ ಬೆಳಕು ಬಿದ್ದರೆ ಆ ಪುಡಿ ಕೆಂಡದಂತೆ ಉರಿಯುತ್ತಿತ್ತು.

ಅದಕ್ಕೊಂದೇ ಶತ್ರು. ತೇವ.

ಸೋಮನಾಥ ನೀಲಿ ಟಾರ್ಚ್ ಹಿಡಿದ. ಡಬ್ಬಿಯೊಳಗಿನ ಪುಡಿ ತಕ್ಷಣ ಕೆಂಪಾಯಿತು. ಎಲ್ಲೂ ಕಲೆಯಿಲ್ಲ. ಅದೇ ಟಾರ್ಚನ್ನು ಪಕ್ಕದ ತಟ್ಟೆಗೆ ತಿರುಗಿಸಿದ. ಅದರಲ್ಲಿದ್ದದ್ದೂ ಇದೇ ನಲವತ್ತೇಳು. ಸಾವಿನ ದಿನದಿಂದ ಹಾಗೇ ತೆರೆದು ಬಿದ್ದಿತ್ತು. ಈ ಆಷಾಢದ ಗಾಳಿಗೆ ಅದು ಕಾಫಿ ಚರಟದ ಹಾಗೆ ಕಪ್ಪಾಗಿತ್ತು. ಬೆಳಕು ಬಿದ್ದರೂ ಏಳಲಿಲ್ಲ.

ಮಲ್ಲಿಕಾಳ ಕೋಣೆಯ ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಪುಸ್ತಕಗಳ ಬೆನ್ನಿಗೆ ಬೂಸ್ಟು ಹಿಡಿದಿತ್ತು. ಡಬ್ಬಿಯ ಮುಚ್ಚಳವೋ ಸಡಿಲ. ಅಲ್ಲಿ ಹನ್ನೊಂದು ದಿನ ಇದ್ದ ಪುಡಿ ಕಪ್ಪಾಗಲಿಲ್ಲ ಏಕೆ?

ಉತ್ತರ ಮುಚ್ಚಳದ ಪೊಳ್ಳಿನಲ್ಲಿ ಸಿಕ್ಕಿದ ಈ ಗಂಟಿನಲ್ಲಿತ್ತು. ಪೊಲೀಸರು ಅದನ್ನು ಪ್ರಯೋಗಾಲಯದ್ದೇ ಯಾವುದೋ ಸಾಮಾನು ಎಂದುಕೊಂಡು ಬಿಟ್ಟಿದ್ದರು. ಸೋಮನಾಥ ಬ್ಲೇಡಿನಿಂದ ಹೊಲಿಗೆಯ ಒಂದು ಎಳೆ ಕತ್ತರಿಸಿ ಗಂಟನ್ನು ಬಿಳಿ ಕಾಗದದ ಮೇಲೆ ಸುರಿದ.

ಅಕ್ಕಿ. ಕೆಂಪಗೆ ಹುರಿದ ಅಕ್ಕಿ.

ಮಲ್ಲೇಶಪ್ಪ ಬಗ್ಗಿ ನೋಡಿ ನಕ್ಕೇಬಿಟ್ಟರು. "ಎಂತ ಮಾರಾಯ್ರೆ ಇದು, ಉಪ್ಪಿನ ಭರಣಿಗೆ ಹಾಕೋದು! ಮಳೆಗಾಲದಲ್ಲಿ ಉಪ್ಪು ನೀರೊಡೀಬಾರ್ದು ಅಂತ ನಮ್ಮಮ್ಮ ಹಾಕ್ತಿದ್ರು. ಇದಕ್ಕೆ ನಿಮ್ಮ ಸೈನ್ಸ್ ಬೇಕಾ?"

ಜಯಪ್ರಕಾಶ್ ಲೋಟ ಕೆಳಗಿಟ್ಟ.

ಸೋಮನಾಥ ನಗಲಿಲ್ಲ. ಅವನು ಚೀಲದಿಂದ ಇನ್ನೊಂದು ಪೊಟ್ಟಣ ತೆಗೆದ. ಅದರಲ್ಲಿ ಗೋಣಿಯ ತುಂಡಿತ್ತು. ಆಮ್ಲದ ಹಬೆಯನ್ನು ಹೊರಗೆ ಎಳೆಯುವ ಪೈಪು ಗಿರಣಿಯ ಹಿಂಗೋಡೆಯಿಂದ ಹೊಟ್ಟಿನ ರಾಶಿಯ ಕಡೆಗೆ ಬಾಯಿ ಮಾಡಿತ್ತು. ಆ ಬಾಯಿಗೆ ಗೋಣಿ ತುರುಕಿ ಹೊಲಿಯಲಾಗಿತ್ತು. ಯಾರೂ ಎರಡನೇ ಸಲ ನೋಡಿರಲಿಲ್ಲ. ಯಾಕೆಂದರೆ ಮಳೆಗಾಲ ಬಂತೆಂದರೆ ಈ ಕಡೆಯ ಗಿರಣಿಗಳಲ್ಲಿ ಪೈಪುಗಳ ಬಾಯಿಗೆ ಗೋಣಿ ಕಟ್ಟುವುದೇ ರೂಢಿ. ಬಾವಲಿ ಬರಬಾರದು, ಎರಚಲು ಬರಬಾರದು. ಒಳಗೆ ಫ್ಯಾನು ತಿರುಗುತ್ತಲೇ ಇತ್ತು. ಅದರ ಸದ್ದು ಕೇಳುತ್ತ ರಾಜಶೇಖರ್ ನೆಮ್ಮದಿಯಿಂದ ಕೆಲಸ ಮಾಡಿದರು. ಗಾಳಿ ಮಾತ್ರ ಹೊರಗೆ ಹೋಗುತ್ತಿರಲಿಲ್ಲ.

"ಮಲ್ಲೇಶಪ್ಪನವರೇ, ನಿಮ್ಮ ಗಿರಣಿ ಆಳು ಬೂತಪ್ಪ ಗೋಣಿಯನ್ನ ಯಾವುದರಲ್ಲಿ ಹೊಲೀತಾನೆ?"

"ದಬ್ಬಣ, ಸುತಲಿ. ಮತ್ಯಾವುದರಲ್ಲಿ? ಆದ್ರೆ ಈ ವರ್ಷ ಆ ಪೈಪು ಮುಟ್ಟಿಲ್ಲ ಅಂತಾನೆ ಅವ. ಲ್ಯಾಬಿನವರು ಬೇಡ ಅಂದಿದ್ರಂತೆ."

"ಇದು ಸುತಲಿ ಅಲ್ಲ."

ಮಲ್ಲೇಶಪ್ಪ ಗೋಣಿಯನ್ನು ಬೆಳಕಿಗೆ ಹಿಡಿದರು. ಕೆಂಪು ನೂಲು, ನಾಲ್ಕೆಳೆ ಸೇರಿಸಿದ್ದು. "ರವಿಕೆ ಹೊಲಿಯೋ ನೂಲಲ್ಲಿ ಗೋಣಿ ಹೊಲಿದೋರು ಯಾರು ಮಾರಾಯ್ರೆ!" ಎಂದರು. ಆಮೇಲೆ ಅವರೂ ನಗಲಿಲ್ಲ.

ಸೋಮನಾಥ ಭೂತಗನ್ನಡಿ ಹಿಡಿದ. ಗೋಣಿಯ ಹೊಲಿಗೆ ಮುಗಿದ ಕಡೆ ಎರಡು ಸಲ ಹಿಂದಕ್ಕೆ ಹೊಲಿದು, ನೂಲನ್ನು ತನ್ನೊಳಗೇ ತೂರಿಸಿ ಬಿಗಿದಿತ್ತು. ಅಕ್ಕಿಯ ಗಂಟಿನಲ್ಲೂ ಹಾಗೆಯೇ. ಉಸಿರುಗಟ್ಟಿಸಿದ ಕೈಯೂ, ಪುಡಿಯನ್ನು ಹಾಳಾಗದಂತೆ ಕಾಪಾಡಿದ ಕೈಯೂ ಒಂದೇ.

"ಮಲ್ಲಿಕಾಳನ್ನ ಒಳಗೆ ಕರೀರಿ," ಎಂದ.

ಅವಳು ಹೊರಗೆ ಮಹಿಳಾ ಪೇದೆಯ ಜೊತೆ ನಿಂತಿದ್ದಳು. ಇಪ್ಪತ್ತಾರು ವರ್ಷ. ನೆಮ್ಮಾರಿನ ಎಸ್ಟೇಟಿನಲ್ಲಿ ಕೂಲಿ ಮಾಡುತ್ತ ಅಲ್ಲಿನ ಲೈನು ಮನೆಯಲ್ಲಿರುವ ಕರಿಯಕ್ಕನ ಮಗಳು. ಒಳಗೆ ಬಂದವಳು ಮೊದಲು ನೋಡಿದ್ದು ಕಪ್ಪಾದ ತಟ್ಟೆಯನ್ನು.

"ಇದನ್ನ ಯಾಕೆ ಮುಚ್ಚಿಲ್ಲ ಸಾರ್?" ಎಂದಳು. ಆಮೇಲೆ ತನ್ನ ಪರಿಸ್ಥಿತಿ ನೆನಪಾಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಡಬ್ಬಿ ನಿನ್ನ ಕೋಣೆಗೆ ಹೇಗೆ ಬಂತು?"

"ಗೊತ್ತಿಲ್ಲ. ಕಿಟಕಿಗೆ ಚಿಲಕ ಇಲ್ಲ. ಓನರಿಗೆ ಹೇಳಿ ವರ್ಷ ಆಯ್ತು. ಬೆಕ್ಕು ಬರ್ತದೆ, ಕಪ್ಪೆ ಬರ್ತದೆ. ಈಗ ಡಬ್ಬೀನೂ ಬಂದಿದೆ."

"ತಮಾಷೆ ಬೇಡ," ಎಂದ ಜಯಪ್ರಕಾಶ್.

"ತಮಾಷೆ ಅಲ್ಲ ಸಾರ್. ನೀವು ಬಂದು ನೋಡಿದ್ದೀರಲ್ಲ."

ಸೋಮನಾಥ ಅವಳ ಮುಂದೆ ಒಂದು ಕಾಗದ ಸರಿಸಿದ. ಪೇಟೆಂಟ್ ಅರ್ಜಿಯ ಕರಡು. ಮೂರು ಹೆಸರುಗಳಿದ್ದವು: ರಾಜಶೇಖರ್, ನಿಶ್ಚಿತಾ, ಮಲ್ಲಿಕಾ. ನಡುವಿನ ಹೆಸರನ್ನು ರಾಜಶೇಖರ್ ಪೆನ್ನಿನಿಂದ ಹೊಡೆದು ಹಾಕಿದ್ದರು.

ನಿಶ್ಚಿತಾ ಸೋಮನಾಥನ ಅಕ್ಕನ ಮಗಳು. ಅದು ಜಯಪ್ರಕಾಶನಿಗೆ ಗೊತ್ತಿತ್ತು. ರಾಜಶೇಖರ್ ಹಬೆ ಕುಡಿದ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅವಳು ಶೃಂಗೇರಿಯಲ್ಲಿ, ನೆಂಟರೊಬ್ಬರ ಶಿವಗಣಾರಾಧನೆಯಲ್ಲಿದ್ದಳು ಎಂಬುದೂ ಗೊತ್ತಿತ್ತು. ಅವಳ ಪಕ್ಕದ ಎಲೆಗೇ ಸೋಮನಾಥ ಊಟಕ್ಕೆ ಕುಳಿತಿದ್ದ. ನೂರು ಜನ ನೋಡಿದ್ದರು. ಅವಳ ಹೆಸರು ಮೊದಲ ದಿನವೇ ಪಟ್ಟಿಯಿಂದ ಹೋಗಿತ್ತು. ಹೋದ ಮೇಲೆಯೇ ಜಯಪ್ರಕಾಶ್ ಇವನ ಸಹಾಯ ಕೇಳಿದ್ದು.

"ಈ ಹೆಸರು ಯಾಕೆ ಹೊಡೆದರು?"

ಮಲ್ಲಿಕಾ ನೆಲ ನೋಡಿದಳು. "ನಲವತ್ತಾರರ ತನಕ ಅರೆದವಳು ಅವಳು. ನಲವತ್ತೇಳು ನಾನು ಮಾಡಿದ್ದು. ಕೊನೇದು ಬಂದಿತಲ್ಲ, ಅದಕ್ಕೆ ಮೊದಲಿಂದು ಎಲ್ಲ ಲೆಕ್ಕಕ್ಕಿಲ್ಲ ಅಂದ್ರು ರಾಜಶೇಖರ್ ಸರ್. ನಾನು ಬೇಡ ಅಂದೆ. ಜಗಳ ಆಡ್ಲಿಲ್ಲ. ಆಡ್ಬೇಕಿತ್ತು."

"ರಾಜಶೇಖರ್ ಅವರಿಗೆ ವಾಸನೆ ತಿಳೀತಿರಲಿಲ್ಲ. ತಿಳೀತಿದ್ರೆ ಆ ಹಬೆಗೆ ಎದ್ದು ಓಡ್ತಿದ್ದರು. ಅದು ಯಾರಿಗೆ ಗೊತ್ತಿತ್ತು?"

"ನಂಗೆ. ನಿಶ್ಚಿತಾಗೆ. ಅವರ ಮನೆಯವರಿಗೆ." ಸ್ವಲ್ಪ ತಡೆದು ಹೇಳಿದಳು. "ಅವರಿಗೆ ಊಟ ಬಡಿಸಿದವರಿಗೆಲ್ಲ ಗೊತ್ತಾಗ್ತಿತ್ತು ಸಾರ್. ಹಳಸಿದ್ದು ಹಾಕಿದ್ರೂ ಚೆನ್ನಾಗಿದೆ ಅಂತಿದ್ರು."

"ಇದೇನು ಹೇಳು." ಸೋಮನಾಥ ಕಾಗದದ ಮೇಲಿನ ಅಕ್ಕಿಯನ್ನು ತೋರಿಸಿದ.

ಅವಳು ಎರಡು ಕಾಳು ಬೆರಳಿಗೆ ಅಂಟಿಸಿಕೊಂಡು ನೋಡಿದಳು. ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ. ಸುಳ್ಳು ಹೇಳುವವರ ಮುಖದಲ್ಲಿ ಅದು ಯಾವಾಗಲೂ ತುಸು ತಡವಾಗಿ ಬರುತ್ತದೆ. ಇವಳಿಗೆ ತಡವಾಗಲಿಲ್ಲ.

"ಡಬ್ಬಿಯಲ್ಲಿತ್ತಾ?"

"ಮುಚ್ಚಳದಲ್ಲಿ. ತೇವ ತಡೆಯೋಕೆ ನೀನೇ ಇಟ್ಟೆ."

"ನಾನಾ?" ಅವಳು ಎದ್ದು ಕಪಾಟಿನ ಹತ್ತಿರ ಹೋದಳು. ಪೇದೆ ಕೈ ಹಿಡಿಯಲು ಬಂದಳು. ಸೋಮನಾಥ ಬಿಡುವಂತೆ ಸನ್ನೆ ಮಾಡಿದ. ಮಲ್ಲಿಕಾ ಒಂದು ದೊಡ್ಡ ಡಬ್ಬ ಎತ್ತಿ ತಂದು ಮೇಜಿನ ಮೇಲೆ ಕುಕ್ಕಿದಳು. ಒಳಗೆ ನೀಲಿ ಹರಳುಗಳು. "ಸಿಲಿಕಾ ಜೆಲ್. ನಾಲ್ಕು ಕೆಜಿ ಇದೆ. ತೇವ ಎಳೆಯೋಕೆ ಅಂತಲೇ ತರಿಸಿದ್ದು. ಇಷ್ಟನ್ನ ಇಟ್ಕೊಂಡು ನಾನು ಅಕ್ಕಿ ಹುರೀತೀನಾ ಸಾರ್?"

"ಜೆಲ್ ಹಾಕಿದ್ರೆ ಲ್ಯಾಬಿನವರು ಅಂತ ಗೊತ್ತಾಗ್ತದೆ. ಅದಕ್ಕೇ ಅಕ್ಕಿ ಹಾಕಿದೆ," ಎಂದ ಜಯಪ್ರಕಾಶ್.

"ಅಷ್ಟು ಬುದ್ಧಿ ಇದ್ದವಳು ಡಬ್ಬೀನ ನನ್ನ ರೂಮಲ್ಲೇ ಇಟ್ಕೊಳ್ತೀನಾ?"

ಗಿರಣಿಯ ಮಾಡು ಟಕ್ ಎಂದಿತು.

"ಉಪ್ಪಿನ ಭರಣಿಗೆ ಎಲ್ಲರೂ ಹಾಕ್ತಾರಮ್ಮ ಇದನ್ನ," ಎಂದರು ಮಲ್ಲೇಶಪ್ಪ, ಸಮಾಧಾನದ ದನಿಯಲ್ಲಿ.

ಮಲ್ಲಿಕಾ ಅವರತ್ತ ತಿರುಗಿದಳು. "ನಿಮ್ಮನೇಲಿ ಹಾಕ್ತಾರೆ ಸಾವ್ಕಾರ್ರೆ. ನಮ್ಮ ಲೈನಲ್ಲಿ ಯಾರೂ ಹಾಕಲ್ಲ. ನಮ್ಮಮ್ಮ ಅಕ್ಕಿಯನ್ನ ಉಣ್ಣೋಕೆ ಇಡ್ತಾಳೆ. ಮಳೆಗಾಲದಲ್ಲಿ ಉಪ್ಪು ನೀರಾಗ್ತದೆ. ಆ ನೀರನ್ನೇ ಸಾರಿಗೆ ಸುರೀತೇವೆ. ಉಪ್ಪು ಉಪ್ಪೇ ಅಲ್ವಾ?"

ಮಲ್ಲೇಶಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸುವುದು ಬೇಗ ಮುಗಿಯಲಿಲ್ಲ.

ಅವಳು ಸೋಮನಾಥನ ಎದುರಿಗೆ ಕುಳಿತಳು. ಈಗ ದನಿ ತಗ್ಗಿತ್ತು. "ಕದ್ದವರಿಗೆ ಈ ಪುಡಿ ಏನಂತಲೂ ಗೊತ್ತಿಲ್ಲ ಸಾರ್. ಆದ್ರೆ ಹಾಳಾಗಬಾರದು ಅಂತ ಗೊತ್ತು, ಯಾರೋ ಹೇಳಿರೋದು ಕೇಳಿದ್ದಾರೆ. ಕದ್ದ ಮಾಲಿಗೆ ಯಾರಾದ್ರೂ ಇಷ್ಟು ಚಂದ ಗಂಟು ಹೊಲೀತಾರಾ? ಇದು ಅಡಿಗೆಮನೆ ಕೈ. ಮಳೆ ಬಂತು ಅಂದ್ರೆ ತಾನಾಗೇ ಓಡೋ ಕೈ. ಆ ಭರಣಿ ಎಲ್ಲಿದೆ ಅಂತ ಹುಡುಕಿ."

ಅವನೊಳಗೆ ಆ ಬಾಗಿಲು ಮತ್ತೆ ಕಂಡಿತು. ಈ ಸಲ ಅದು ಒಂದು ಅಂಗುಲ ತೆರೆದಿತ್ತು.

"ಸಾರ್, ನೋಡಿದ್ದನ್ನ ನೋಡಿದ ಹಾಗೆ ಬರೀರಿ. ಇನ್ನೇನೂ ಕೇಳಲ್ಲ."

"ಬರೀತೀನಿ," ಎಂದ ಸೋಮನಾಥ. "ನೋಡಿದ್ದನ್ನ ಬರೀತೀನಿ."

ಮಾತು ಹೊರಬಿದ್ದ ಮೇಲೆ ಅವನಿಗೆ ಯಾಕೋ ಭಯವಾಯಿತು.

ಸೋಮನಾಥನನ್ನು ಮನೆಗೆ ಬಿಡಲು ಹೊರಟ ಕೊಪ್ಪದ ದಾರಿಯುದ್ದಕ್ಕೂ ಜಯಪ್ರಕಾಶನೇ ಜೀಪು ಓಡಿಸಿದ, ಅವನೇ ಮಾತಾಡಿದ. ಹುಡುಗಿ ಗಟ್ಟಿಗಿತ್ತಿ ಎಂದ. ಮೇಲಿನವರ ಒತ್ತಡ ತಡೆಯಲಿಕ್ಕಾಗುತ್ತಿಲ್ಲ ಎಂದ. ಹಸಿವಾಗಿದೆ ಎಂದ.

"ಪ್ರೇಮಕ್ಕನ ಸಾರು ಉಂಡು ವರ್ಷ ಆಯ್ತು ಸಾರ್. ಊಟ ಹಾಕ್ತಾರಾ ಕೇಳಿ. ಅಲ್ಲೇ ಕೂತು ರಿಪೋರ್ಟ್ ಬರೆದುಬಿಡಿ, ನಾನೇ ತಗೊಂಡು ಹೋಗ್ತೇನೆ."

ಬೇಡ ಎನ್ನಲು ಸೋಮನಾಥನಿಗೆ ಕಾರಣ ಸಿಗಲಿಲ್ಲ. ಕಾರಣವೊಂದಿತ್ತು. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ.

ಕೊಪ್ಪದ ಪೇಟೆಯ ಹಿಂದಿನ ಬೀದಿಯಲ್ಲಿ ಅಕ್ಕನ ಮನೆ. ನಿವೃತ್ತನಾದ ಮೇಲೆ ಹೋದ ಚಳಿಗಾಲದಲ್ಲಿ ಅವನು ಅಲ್ಲಿಗೇ ಬಂದು ಸೇರಿದ್ದ. ಭಾವ ಇಲ್ಲ. ಪ್ರೇಮಕ್ಕ, ನಿಶ್ಚಿತಾ, ಈಗ ಅವನು.

"ಬಾರಪ್ಪ ಜಯಪ್ರಕಾಶ, ದಾರಿ ತಪ್ಪಿ ಬಂದೆಯಾ?" ಪ್ರೇಮಕ್ಕ ಬಾಗಿಲಲ್ಲೇ ನಕ್ಕಳು. ಅರವತ್ತೆರಡರ ಹೆಂಗಸು, ಕುಂಟದೆ ನಡೆದು ಬಂದು ಕೈಗೆ ನೀರು ಕೊಟ್ಟಳು. ಸೋಮನಾಥನ ಕಣ್ಣು ಅವಳ ಕಾಲ ಮೇಲೆ ಒಂದು ಕ್ಷಣ ನಿಂತಿತು. ಶೃಂಗೇರಿಗೆ ಹೊರಟ ಬೆಳಿಗ್ಗೆ ಇದೇ ಮಂಡಿ ಹಿಡಿದುಕೊಂಡು, ಮೆಟ್ಟಿಲು ಇಳಿಯಲಾರೆ, ನೀವಿಬ್ಬರೇ ಹೋಗಿ ಬನ್ನಿ ಎಂದಿದ್ದಳು.

"ಮಂಡಿ ಹೇಗಿದೆ ಅಕ್ಕ?"

"ಅದಾ? ಅದು ಆವತ್ತೇ ಹೋಯ್ತು ಕಣೋ."

ನಿಶ್ಚಿತಾಳ ಕೋಣೆಯ ಬಾಗಿಲು ಮುಚ್ಚಿತ್ತು. ರಾಜಶೇಖರ್ ಹೋದಾಗಿನಿಂದ ಅದು ಹಾಗೇ ಇತ್ತು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟರೆ ಅರ್ಧ ಖಾಲಿಯಾಗಿ ಹೊರಗೆ ಬರುತ್ತಿತ್ತು.

ಪ್ರೇಮಕ್ಕ ಇಬ್ಬರಿಗೂ ಎಲೆ ಹಾಕಿದಳು. ಅನ್ನ, ಸೌತೆಕಾಯಿ ಸಾರು, ಮಜ್ಜಿಗೆ. ಜಯಪ್ರಕಾಶ್ ಕಲಸಿ ಒಂದು ತುತ್ತು ಬಾಯಿಗಿಟ್ಟು, ಸಂಕೋಚದಿಂದ ಕತ್ತೆತ್ತಿದ.

"ಪ್ರೇಮಕ್ಕ, ಒಂಚೂರು ಉಪ್ಪು ಬೇಕಿತ್ತು."

"ಅಯ್ಯೋ, ಮರೆತೆನಾ? ಈಚೆಗೆ ತಲೆ ಎಲ್ಲೋ ಇರ್ತದೆ."

"ನಾನು ತರ್ತೇನೆ," ಎಂದು ಸೋಮನಾಥ ಎದ್ದ. ಎಂಜಲು ಕೈ ಎಂದೂ ನೋಡದೆ ಎದ್ದ.

"ನೀನ್ಯಾಕೋ ಊಟದ ಮಧ್ಯೆ..." ಅಕ್ಕನ ದನಿ ಹಿಂದೆಯೇ ಬಂತು. ಅವಳು ಮಾತ್ರ ಬರಲಿಲ್ಲ.

ಅಡಿಗೆಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಕಂದು ಬಣ್ಣದ ಪಿಂಗಾಣಿ ಭರಣಿ. ಅಮ್ಮನ ಕಾಲದ್ದು. ಎಡಗೈಯಲ್ಲಿ ಮುಚ್ಚಳ ತೆಗೆದ. ಕಲ್ಲುಪ್ಪು ಬೆಳ್ಳಗೆ, ಬಿಡಿಬಿಡಿಯಾಗಿ, ಈ ಆಷಾಢದಲ್ಲೂ ಒಣಗಿಕೊಂಡಿತ್ತು.

ನಡುವೆ ಗಂಟು ಕುಳಿತಿತ್ತು. ತೆಳು ಬಿಳಿ ಬಟ್ಟೆ. ಕೆಂಪು ನೂಲು. ಹಿಂದಕ್ಕೆ ಎರಡು ಹೊಲಿಗೆ, ತನ್ನೊಳಗೇ ತೂರಿಸಿ ಬಿಗಿದ ನೂಲು.

ಬಾಗಿಲು ಪೂರ್ತಿ ತೆರೆಯಿತು. ಅದರ ಹಿಂದೆ ಇದ್ದದ್ದು ಬರೀ ಅಮ್ಮನ ಅಡಿಗೆಮನೆ. ಏಳು ವರ್ಷದ ಅವನು ಇದೇ ಭರಣಿಗೆ ಕೈ ಹಾಕಿ ಗಂಟು ಎಳೆದು ಆಟವಾಡಿದಾಗ, ಅಮ್ಮ ಹೊಡೆಯಲು ಬಂದಳು. ಅಕ್ಕ ಅಡ್ಡ ನಿಂತು ತಾನೇ ಎಳೆದೆ ಎಂದಿದ್ದಳು. ಆ ಏಟು ಅವಳಿಗೆ ಬಿದ್ದಿತ್ತು. ಆಮೇಲೆ ಕೂತು ಹೊಸ ಗಂಟು ಹೊಲಿದವಳೂ ಅವಳೇ.

ಈ ಊರಲ್ಲಿ ನೂರು ಮನೆಯಲ್ಲಿ ಹೀಗೆ ಹಾಕುತ್ತಾರೆ ಎಂದುಕೊಂಡ. ನೂರು ಮನೆಯಲ್ಲಿ ಕೆಂಪು ನೂಲಿದೆ.

ಗೋಡೆಯ ಕ್ಯಾಲೆಂಡರಿಗೆ ಒಂದು ಸೂಜಿ ಚುಚ್ಚಿತ್ತು. ಕಣ್ಣಿನಿಂದ ಗೇಣುದ್ದ ಕೆಂಪು ನೂಲು ಇಳಿಬಿದ್ದಿತ್ತು. ಅವನು ಜೇಬಿನಿಂದ ನೀಲಿ ಟಾರ್ಚ್ ತೆಗೆದ. ತೆಗೆಯುವುದು ಬೇಡ ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು.

ಸೂಜಿಯ ಕಣ್ಣಿನಲ್ಲಿ ಕೆಂಡದ ಚುಕ್ಕಿಯೊಂದು ಎದ್ದಿತು.

ನಿಶ್ಚಿತಾಳ ಬಟ್ಟೆಯಿಂದ ಬಂದಿರಬಹುದು. ಆರು ವರ್ಷ ಅವಳು ಇಂಥದೇ ಪುಡಿ ಅರೆದವಳು. ಆದರೆ ಅವಳು ಅರೆದದ್ದಾಗಿದ್ದರೆ ಈ ಮಳೆಗೆ ಎಂದೋ ಕಪ್ಪಾಗಿರುತ್ತಿತ್ತು. ಇದು ಹೊಸದು, ನಾಲ್ಕೈದು ದಿನದ್ದಷ್ಟೇ. ನಲವತ್ತೇಳರ ಡಬ್ಬಿ ತೆರೆದ ಕೈಯೇ ಈ ಸೂಜಿ ಹಿಡಿದಿತ್ತು.

ಅವನು ಟಾರ್ಚ್ ಆರಿಸಿದ. ಭರಣಿಯಿಂದ ಗಂಟನ್ನು ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಯಾವಾಗ ಹಾಕಿಕೊಂಡೆ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಚಿಟಿಕೆ ಉಪ್ಪನ್ನು ಚಮಚದಲ್ಲಿ ತಂದು ಜಯಪ್ರಕಾಶನ ಎಲೆಯ ತುದಿಗೆ ಇಟ್ಟ.

"ಬಹಳ ಹೊತ್ತಾಯ್ತಲ್ಲ ಸಾರ್, ಉಪ್ಪು ಸಿಗ್ಲಿಲ್ವಾ?"

"ಸಿಕ್ತು."

ಪ್ರೇಮಕ್ಕ ಮಜ್ಜಿಗೆ ಬಡಿಸಿದಳು. "ಹುಳಿ ಬಂದಿದ್ರೆ ಹೇಳಪ್ಪ. ರಾಜಶೇಖರ್ ಬಂದಾಗ ಎಂತ ಹಾಕಿದ್ರೂ ಉಣ್ತಿದ್ರು ಪಾಪ. ಮೂಗೇ ಸತ್ತಿತ್ತಲ್ಲ ಅವರಿಗೆ." ಆಮೇಲೆ, ತುಂಬಾ ಮೆಲ್ಲಗೆ, ಮುಚ್ಚಿದ ಬಾಗಿಲ ಕಡೆ ನೋಡುತ್ತ ಕೇಳಿದಳು. "ಆ ಅರ್ಜಿ ಇದೆಯಲ್ಲ, ಅದರಲ್ಲಿ ಇನ್ನು ಯಾರ ಹೆಸರು ಹಾಕ್ತಾರೆ? ಆ ಹುಡುಗಿ ಜೈಲಿಗೆ ಹೋದ್ರೆ ಅವಳದ್ದೂ ತೆಗೀತಾರಾ?"

"ಅದೆಲ್ಲ ನಂಗೆ ಗೊತ್ತಾಗಲ್ಲ ಪ್ರೇಮಕ್ಕ." ಜಯಪ್ರಕಾಶ್ ಬೆರಳು ನೆಕ್ಕಿದ. "ಜೈಲಿನ ತೀರ್ಮಾನ ನಿಮ್ಮ ತಮ್ಮನ ಕೈಲಿದೆ. ಆ ಹುಡುಗಿ ಒಂದು ಮಾತು ಹೇಳಿದ್ಲು, ತಲೇಲಿ ಕೂತುಬಿಟ್ಟಿದೆ. ಕದ್ದವರು ಡಬ್ಬಿಯಲ್ಲಿ ಹುರಿದಕ್ಕಿ ಗಂಟು ಇಟ್ಟಿದ್ರು. ಅಂಥ ಗಂಟು ಇರೋ ಉಪ್ಪಿನ ಭರಣಿ ಹುಡುಕಿ ಅಂದ್ಲು. ಇನ್ನು ಮನೆಮನೆಗೆ ಹೋಗಿ ಭರಣಿ ನೋಡ್ಬೇಕಷ್ಟೆ." ಅವನು ನಕ್ಕ. "ನಿಮ್ಮನೇಲಿ ಹಾಕ್ತೀರಾ?"

ಪ್ರೇಮಕ್ಕನ ಕೈಯ ಸೌಟಿನಿಂದ ಒಂದು ಹನಿ ಮಜ್ಜಿಗೆಯೂ ಎಲೆಯ ಹೊರಗೆ ಬೀಳಲಿಲ್ಲ.

"ಇಲ್ಲಪ್ಪ. ಅದೆಲ್ಲ ಅಮ್ಮನ ಕಾಲಕ್ಕೇ ಹೋಯ್ತು. ನಮ್ಮದು ಪ್ಯಾಕೆಟ್ ಪುಡಿ ಉಪ್ಪು." ತಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅಂದು ಅಮ್ಮನ ಏಟಿಗೆ ಅಡ್ಡ ನಿಂತಾಗ ಇದ್ದ ಮುಖವೇ ಅದು. "ಅಲ್ವಾ ಸೋಮು?"

ಜಯಪ್ರಕಾಶನ ಎಲೆಯ ತುದಿಯಲ್ಲಿ ನಾಲ್ಕು ಹರಳು ಕಲ್ಲುಪ್ಪು ಇನ್ನೂ ಕರಗದೆ ಉಳಿದಿದ್ದವು. ಅವನು ಅವುಗಳನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಅವನು ಸೋಮನಾಥನನ್ನು ನೋಡುತ್ತಿದ್ದ.

ಗೋಡೆಯ ಗಡಿಯಾರದಲ್ಲಿ ಎರಡೂವರೆ. ನರಸಿಂಹರಾಜಪುರದ ಗಿರಣಿಯ ಕಟ್ಟೆಯ ಮೇಲೆ ಮಲ್ಲಿಕಾ ಕಾಯುತ್ತ ಕುಳಿತಿರಬೇಕು. ಒಳಕೋಣೆಯಲ್ಲಿ ನಿಶ್ಚಿತಾ ಮಂಚದಿಂದ ಎದ್ದು ಬಾಗಿಲ ಹಿಂದೆ ಬಂದು ನಿಂತ ಸದ್ದಾಯಿತು.

ಸೋಮನಾಥ ತೊಡೆಯ ಮೇಲೆ, ಜೇಬಿನ ಬಟ್ಟೆಯ ಮೂಲಕ, ಆ ಗಂಟನ್ನು ಒತ್ತಿದ. ಒಳಗೆ ಅಕ್ಕಿ ಕರಕರ ಅಂದಿತು.

ಅವನು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡ. ಭರಣಿಯಲ್ಲಿ ಗಂಟಿತ್ತು ಎಂದು ಹೇಳಲಿಲ್ಲ.